ಹೊಳೆ ಕಡಲು ಕೂಡುವ ಊರಿಗೆ ಹೊರಟವರಿಗೆ

ರಜೆ ಹತ್ತಿರ ಬಂತೆಂದರೆ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ ಕಡೆಯ ಮನೆಗಳಲ್ಲಿ ‘ಈ ಸಲ ಸಮುದ್ರ ನೋಡಿ ಬರೋಣ’ ಎಂಬ ಮಾತು ಏಳುತ್ತದೆ. ದೊಡ್ಡ ಊರುಗಳ ಜನಜಂಗುಳಿ ಬೇಡ, ಹೋಟೆಲಿನ ಕೋಣೆಯಲ್ಲಿ ಟಿ.ವಿ. ನೋಡುತ್ತ ಕೂರುವುದೂ ಬೇಡ, ಮಕ್ಕಳು ನಾಲ್ಕು ದಿನ ಬಯಲಿನಲ್ಲಿ ಓಡಾಡಬೇಕು ಎನ್ನುವವರಿಗೆ ಉತ್ತರ ಕನ್ನಡ ಜಿಲ್ಲೆಯ ಹೊನ್ನಾವರ ಹೇಳಿ ಮಾಡಿಸಿದಂಥ ಊರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಜೋಗದಲ್ಲಿ ಧುಮುಕಿ, ಸುಮಾರು 128 ಕಿ.ಮೀ. ಹರಿದು ಬರುವ ಶರಾವತಿ ಅರಬ್ಬೀ ಸಮುದ್ರವನ್ನು ಸೇರುವುದು ಇಲ್ಲಿಯೇ. ಊರಿನ ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ಬೆನ್ನಿಗೆ ಸಹ್ಯಾದ್ರಿಯ ಕಾಡು. ನಡಿಗೆ, ದೋಣಿ ಪ್ರಯಾಣ, ಹಕ್ಕಿ ವೀಕ್ಷಣೆ, ಗುಡ್ಡ ಹತ್ತುವುದು ಎಲ್ಲವೂ ಹತ್ತು ಕಿ.ಮೀ. ಸುತ್ತಳತೆಯಲ್ಲಿ ಸಿಗುತ್ತವೆ.

ಇಂಥ ಪ್ರವಾಸ ದೇಹಕ್ಕೂ ಮನಸ್ಸಿಗೂ ಒಳ್ಳೆಯದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪ್ರತಿ ವರ್ಷ ಕರಾವಳಿಗೆ ರಜೆಗೆಂದು ಬಂದವರಲ್ಲಿ ಕೆಲವರು ಮನೆಗೆ ಮರಳುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಹೊನ್ನಾವರಕ್ಕೆ ಸಮೀಪದ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದದ್ದನ್ನು ನೀವು ಓದಿರಬಹುದು. ಅದು ಮಳೆಗಾಲವಲ್ಲ. ನೀರಿನ ಸ್ವಭಾವವನ್ನು ಬಲ್ಲ ಸ್ಥಳೀಯರಿಗೂ ಅದನ್ನು ಅರಿಯದ ಬಯಲುಸೀಮೆಯ ಪ್ರವಾಸಿಗೂ ಇರುವ ಅಂತರವೇ ಇಂಥ ಹೆಚ್ಚಿನ ಅವಘಡಗಳಿಗೆ ಕಾರಣ. ಈ ಊರುಗಳಲ್ಲಿ ದಿನಚರಿಯನ್ನು ನಿರ್ಧರಿಸಬೇಕಾದದ್ದು ನಿಮ್ಮ ಕೈಗಡಿಯಾರವಲ್ಲ, ಬಿಸಿಲು ಮತ್ತು ನೀರು. ಇವೆರಡರ ವೇಳೆ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ.

ಭರತ ಮತ್ತು ಇಳಿತ

ಸಮುದ್ರದ ನೀರು ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಏರುವುದನ್ನು ಕರಾವಳಿಯ ಜನ ಭರತ ಎನ್ನುತ್ತಾರೆ. ಈ ವೇಳೆ ಪ್ರತಿ ದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ನಿನ್ನೆ ಸಂಜೆ ಐದಕ್ಕೆ ಮೊಣಕಾಲುದ್ದ ನೀರಿದ್ದ ಜಾಗದಲ್ಲಿ ನಾಲ್ಕು ದಿನ ಬಿಟ್ಟು ಅದೇ ಹೊತ್ತಿಗೆ ಅಷ್ಟೇ ನೀರು ಇರುತ್ತದೆಂದು ಭಾವಿಸಬಾರದು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಇನ್ನೂ ಹೆಚ್ಚು.

ಹೊಳೆ ಕಡಲನ್ನು ಸೇರುವ ಬಾಯಿಗೆ ಅಳಿವೆ ಎಂದು ಹೆಸರು. ನೋಡಲು ಅತ್ಯಂತ ಸುಂದರವಾದ, ಆದರೆ ಇಳಿಯಲು ಅತ್ಯಂತ ಅಪಾಯದ ಜಾಗ ಇದು. ಇಳಿತದ ಹೊತ್ತಿನಲ್ಲಿ, ಭರತಕ್ಕೆ ಒಳನುಗ್ಗಿದ್ದ ಸಮುದ್ರದ ನೀರೂ ಹೊಳೆಯ ನೀರೂ ಒಟ್ಟಾಗಿ ಈ ಇಕ್ಕಟ್ಟಾದ ಬಾಯಿಯ ಮೂಲಕ ಕಡಲಿಗೆ ಹೊರಡುತ್ತವೆ. ಮೇಲೆ ಅಲೆ ಕಾಣದಿದ್ದರೂ ಕೆಳಗೆ ಸೆಳೆತ ಬಲವಾಗಿರುತ್ತದೆ. ಕಾಲ ಕೆಳಗಿನ ಮರಳೂ ಸರಿಯುತ್ತಿರುತ್ತದೆ. ಈಜು ಬಲ್ಲವರೂ ಇದರ ವಿರುದ್ಧ ಈಜಲಾರರು. ಅಳಿವೆಯನ್ನು ದಡದಿಂದ ಅಥವಾ ದೋಣಿಯಿಂದ ನೋಡಿ; ಅಲ್ಲಿ ಎಂದಿಗೂ ಸ್ನಾನಕ್ಕೆ ಇಳಿಯಬೇಡಿ.

ಶರಾವತಿಗೆ ಇನ್ನೊಂದು ವಿಶೇಷವಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಈ ಹೊಳೆ ವಿದ್ಯುತ್ ಉತ್ಪಾದನೆಯ ಲೆಕ್ಕಕ್ಕೆ ತಕ್ಕಂತೆ ಹರಿಯುತ್ತಿದೆ. ಗೇರುಸೊಪ್ಪೆಯ ವಿದ್ಯುದಾಗಾರದಿಂದ ಬಿಡುವ ನೀರು ಕಡು ಬೇಸಿಗೆಯಲ್ಲಿಯೂ ಬರುತ್ತದೆ, ಒಮ್ಮೆ ಹೆಚ್ಚು ಒಮ್ಮೆ ಕಡಿಮೆ. ಹೊಳೆಯ ಮೇಲ್ಭಾಗದ ದಂಡೆಗಳಲ್ಲಿ ಬಂಡೆಯ ಮೇಲೆ ಕುಳಿತು ಊಟ ಮಾಡುವವರು, ಮಕ್ಕಳನ್ನು ನೀರಿಗೆ ಬಿಡುವವರು ಇದನ್ನು ನೆನಪಿಡಬೇಕು. ‘ಇಲ್ಲಿ ಇಳಿಯಬಹುದೇ? ಭರತ ಎಷ್ಟು ಹೊತ್ತಿಗೆ?’ ಎಂದು ಸ್ಥಳೀಯರನ್ನು, ಅದರಲ್ಲೂ ಮೀನುಗಾರರನ್ನು ಕೇಳಲು ನಾಚಿಕೊಳ್ಳಬೇಡಿ.

ಬೆಳಗಿನ ನಡಿಗೆ

ಬೆಳಿಗ್ಗೆ ಆರರಿಂದ ಒಂಬತ್ತೂವರೆಯವರೆಗಿನ ಹೊತ್ತು ನಡಿಗೆಗೆ ಉತ್ತಮ. ಹೆದ್ದಾರಿಯ ಸೇತುವೆ ದಾಟಿ ದಕ್ಷಿಣಕ್ಕೆ ಹೋದರೆ ಕಾಸರಕೋಡು ಸಿಗುತ್ತದೆ. ಇಲ್ಲಿನ ಕಡಲತೀರಕ್ಕೆ 2020ರಲ್ಲಿ ಪಡುಬಿದ್ರಿಯ ಜೊತೆಯಲ್ಲಿ ‘ಬ್ಲೂ ಫ್ಲ್ಯಾಗ್’ ಎಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ನೀರಿನ ಶುದ್ಧತೆಯ ಪರೀಕ್ಷೆ, ಶೌಚಾಲಯ, ಜೀವರಕ್ಷಕರು ಈ ಮಾನ್ಯತೆಗೆ ಬೇಕಾದ ಷರತ್ತುಗಳಲ್ಲಿ ಸೇರಿವೆ. ಸಮೀಪದಲ್ಲಿಯೇ ಅರಣ್ಯ ಇಲಾಖೆ ಕಾಂಡ್ಲಾ ಕಾಡಿನ ನಡುವೆ ಮರದ ನಡಿಗೆ ಹಾದಿ ನಿರ್ಮಿಸಿದೆ. ಉಪ್ಪುನೀರಿನಲ್ಲಿ ಬೇರು ಊರಿ ನಿಲ್ಲುವ ಈ ಗಿಡಗಳ ನಡುವೆ ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ಕಾಣಸಿಗುತ್ತವೆ. ಹಾದಿ ಸಮತಟ್ಟಾಗಿರುವುದರಿಂದ ಮಂಡಿನೋವಿನ ಅಜ್ಜ ಅಜ್ಜಿಯರೂ ನಿಧಾನವಾಗಿ ನಡೆಯಬಹುದು. ತೆರೆಯುವ ವೇಳೆಯನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಮರಳಿನ ಮೇಲೆ ನಡೆಯುವವರಿಗೆ ಒಂದು ಮಾತು. ಸಡಿಲ ಮರಳಿನಲ್ಲಿ ನಡೆಯಲು ಗಟ್ಟಿ ನೆಲದಲ್ಲಿ ಬೇಕಾಗುವುದರ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಊರಿನಲ್ಲಿ ದಿನಾ ಒಂದು ಗಂಟೆ ನಡೆಯುವವರು ಇಲ್ಲಿ ಅರ್ಧ ಗಂಟೆಯಿಂದ ಆರಂಭಿಸಲಿ. ನೀರು ತಾಗಿ ಗಟ್ಟಿಯಾದ ಮರಳಿನ ಮೇಲೆ ನಡೆದರೆ ಹಿಮ್ಮಡಿಗೂ ಮೀನಖಂಡಕ್ಕೂ ಆಯಾಸ ಕಡಿಮೆ.

ನವೆಂಬರ್‌ನಿಂದ ಕೆಲವು ತಿಂಗಳು ಈ ತೀರಕ್ಕೆ ಆಲಿವ್ ರಿಡ್ಲಿ ಜಾತಿಯ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಬಲೆ ಕಟ್ಟಿ ಗುರುತು ಹಾಕಿದ ಜಾಗಗಳನ್ನು ದೂರದಿಂದ ತೋರಿಸಿದರೆ ಮಕ್ಕಳಿಗೆ ಯಾವ ಪಾಠಕ್ಕಿಂತಲೂ ಚೆನ್ನಾಗಿ ಮನಸ್ಸಿನಲ್ಲಿ ಉಳಿಯುತ್ತದೆ.

ಬಿಸಿಲಿಗಿಂತ ಸೆಕೆ ಹೆಚ್ಚು

‘ಕರಾವಳಿಯಲ್ಲಿ ನಮ್ಮ ರಾಯಚೂರಿನಷ್ಟು ಬಿಸಿಲಿಲ್ಲ’ ಎಂದು ಉತ್ತರ ಕರ್ನಾಟಕದವರು ಹೇಳುವುದು ನಿಜ. ಆದರೆ ಸೆಕೆಯ ಲೆಕ್ಕ ಬೇರೆ. ಬೆವರು ಆರಿದಾಗ ಮಾತ್ರ ದೇಹ ತಂಪಾಗುತ್ತದೆ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚಿರುವುದರಿಂದ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ದೇಹದಿಂದ ನೀರೂ ಉಪ್ಪೂ ಹೋಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲು ಹಿಡಿದುಕೊಳ್ಳುವುದು, ಮೂತ್ರ ಕಡು ಹಳದಿಯಾಗುವುದು, ಇವು ಮೊದಲ ಸೂಚನೆಗಳು.

ಹತ್ತೂವರೆಯಿಂದ ಮೂರೂವರೆಯವರೆಗೆ ನೆರಳಿನಲ್ಲಿರಿ. ಸಡಿಲವಾದ ಹತ್ತಿ ಬಟ್ಟೆ, ಅಗಲ ಅಂಚಿನ ಟೋಪಿ ಅಥವಾ ಕೊಡೆ ಬಳಸಿ. ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಯಿರಿ. ಉಪ್ಪು ಹಾಕಿದ ಮಜ್ಜಿಗೆ, ಎಳನೀರು, ಮುರುಗಲು ಹಣ್ಣಿನ ಪಾನಕ ಇಲ್ಲಿ ಸುಲಭವಾಗಿ ಸಿಗುತ್ತವೆ. ಬಾಟಲಿಯ ಬಣ್ಣದ ಪಾನೀಯಗಳಿಗಿಂತ ಇವು ಮೇಲು. ತುಂಬ ಬೆವರಿದ್ದರೆ ಅಥವಾ ಭೇದಿಯಾಗಿದ್ದರೆ ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಕೊಡಿ. ಪೊಟ್ಟಣವಿಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಸಮ ಚಹಾ ಚಮಚ ಸಕ್ಕರೆ, ಅರ್ಧ ಸಮ ಚಹಾ ಚಮಚ ಉಪ್ಪು ಬೆರೆಸಿ.

ಬಿಸಿಲಿನಲ್ಲಿದ್ದವರು ತೊದಲತೊಡಗಿದರೆ, ಅಸಂಬದ್ಧ ಮಾತಾಡಿದರೆ, ಮೈ ಸುಡುತ್ತಿದ್ದರೆ ಅದು ಬಿಸಿಲಿನ ಆಘಾತವಿರಬಹುದು. ತಕ್ಷಣ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಗೆಲ್ಲ ನೀರು ಸುರಿದು ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಿ. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ದೋಣಿ ಏರುವ ಮುನ್ನ

ಸಂಜೆ ನಾಲ್ಕರ ನಂತರ ಶರಾವತಿಯ ಹಿನ್ನೀರಿನಲ್ಲಿ ದೋಣಿ ಪ್ರಯಾಣ ಹಿತಕರ. ತೆಂಗಿನ ತೋಟಗಳ ನಡುಗಡ್ಡೆಗಳು, ಕಾಂಡ್ಲಾ ಗಿಡಗಳ ನಡುವಿನ ಕಿರುಹಾದಿಗಳು, ಹೊಳೆಗೆ ಅಡ್ಡಲಾಗಿ ಹೋಗುವ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, ಇವನ್ನೆಲ್ಲ ನೋಡುತ್ತ ಒಂದೂವರೆ ಗಂಟೆ ಕಳೆಯಬಹುದು. ಎರಡು ಕಿ.ಮೀ.ಗೂ ಉದ್ದದ ಈ ಸೇತುವೆಯ ಮೇಲೆ ರೈಲು ಹೋಗುವುದನ್ನು ದೋಣಿಯಿಂದ ನೋಡಲು ಮಕ್ಕಳು ಕಾದು ಕುಳಿತಿರುತ್ತಾರೆ.

ದೋಣಿಯಲ್ಲಿ ಪ್ರತಿಯೊಬ್ಬರಿಗೂ ಜೀವರಕ್ಷಕ ಅಂಗಿ ಇರಲೇಬೇಕು. ಅದು ಸೀಟಿನ ಕೆಳಗಿದ್ದರೆ ಸಾಲದು, ಮೈಮೇಲಿರಬೇಕು, ಎಲ್ಲ ಗುಂಡಿ ಪಟ್ಟಿಗಳನ್ನೂ ಬಿಗಿದಿರಬೇಕು. ಮಕ್ಕಳಿಗೆ ದೊಡ್ಡವರ ಅಳತೆಯದನ್ನು ತೊಡಿಸಿದರೆ ನೀರಿಗೆ ಬಿದ್ದಾಗ ಅದು ಮೇಲಕ್ಕೆ ಜಾರಿ ಮಗು ಕೆಳಗೇ ಉಳಿಯುತ್ತದೆ. ಭುಜದ ಬಳಿ ಹಿಡಿದು ಮೇಲಕ್ಕೆತ್ತಿ ನೋಡಿ. ಅಂಗಿ ಕಿವಿಯವರೆಗೆ ಬಂದರೆ ಬೇರೆ ಅಳತೆ ಕೇಳಿ. ಇಲ್ಲವೆಂದರೆ ಆ ದೋಣಿ ಬೇಡ. ಫೋಟೊಗಾಗಿ ಎಲ್ಲರೂ ಒಂದೇ ಬದಿಗೆ ಸರಿಯಬಾರದು. ಮದ್ಯ ಸೇವಿಸಿದವರು ನೀರಿನ ಹತ್ತಿರ ಹೋಗಲೇಬಾರದು. ದೇಹಕ್ಕೂ ಬುದ್ಧಿಗೂ ಹಿಡಿತ ತಪ್ಪಿರುವ ಹೊತ್ತು ಅದು.

ಕಡಲಿಗೆ ಇಳಿಯುವಾಗ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ದಡದಲ್ಲಿ ನಿಂತು ನೋಡಿದರೆ ಸಾಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೇ ನಿಷೇಧವಿರುತ್ತದೆ. ಮೀನಿನ ಸಂತತಿ ಬೆಳೆಯಲೆಂದು ಮಾಡಿದ ನಿಯಮವಾದರೂ, ಆ ತಿಂಗಳುಗಳಲ್ಲಿ ಕಡಲು ಎಷ್ಟು ಉಗ್ರವೆಂಬುದು ಮೀನುಗಾರರಿಗೆ ಗೊತ್ತು.

ಉಳಿದ ತಿಂಗಳುಗಳಲ್ಲಿಯೂ ಜೀವರಕ್ಷಕರಿರುವ ತೀರದಲ್ಲಿ, ಅವರು ತೋರಿಸಿದ ಜಾಗದಲ್ಲಿ ಮಾತ್ರ ಇಳಿಯಿರಿ. ಕೆಂಪು ಬಾವುಟ ಹಾರುತ್ತಿದ್ದರೆ ಇಳಿಯಬಾರದು. ಕೆಂಪು ಹಳದಿ ಬಾವುಟಗಳ ನಡುವಿನ ಜಾಗದ ಮೇಲೆ ಜೀವರಕ್ಷಕರ ಕಣ್ಣಿರುತ್ತದೆ. ಸೊಂಟದ ಮೇಲೆ ನೀರು ಬರಬಾರದು. ಮಕ್ಕಳು ದೊಡ್ಡವರ ಕೈಗೆಟಕುವಷ್ಟು ಹತ್ತಿರವೇ ಇರಬೇಕು.

ಎಲ್ಲ ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೀರು ಶಾಂತವಾಗಿ ಕಂಡರೆ ಆ ಜಾಗ ಸುರಕ್ಷಿತವೆಂದು ಅನೇಕರು ತಿಳಿಯುತ್ತಾರೆ. ಇದು ತಪ್ಪು. ದಡಕ್ಕೆ ಬಂದ ನೀರು ಮರಳಿ ಕಡಲಿಗೆ ಹೋಗುವ ದಾರಿ ಸಾಮಾನ್ಯವಾಗಿ ಅದೇ ಆಗಿರುತ್ತದೆ. ಅದರಲ್ಲಿ ಸಿಕ್ಕಿಕೊಂಡರೆ ಗಾಬರಿಯಿಂದ ನೇರ ದಡದತ್ತ ಈಜಬೇಡಿ. ಶಕ್ತಿ ಉಡುಗಿ ಮುಳುಗುವುದು ಹೀಗೆಯೇ. ಸೆಳೆತ ನಿಮ್ಮನ್ನು ದೂರ ಒಯ್ಯುತ್ತದೆಯೇ ಹೊರತು ಕೆಳಗೆ ಎಳೆಯುವುದಿಲ್ಲ. ಬೆನ್ನ ಮೇಲೆ ತೇಲಿ, ಒಂದು ಕೈ ಎತ್ತಿ ಕೂಗಿ. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ, ಸೆಳೆತ ತಪ್ಪಿದ ಮೇಲೆ ಅಲೆಗಳ ಜೊತೆ ದಡಕ್ಕೆ ಬರಬೇಕು.

ಮುಳುಗುತ್ತಿರುವವರನ್ನು ಕಂಡರೆ ಹಿಂದೆಮುಂದೆ ನೋಡದೆ ಧುಮುಕಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮನೆಯ ಇಬ್ಬರು ಮೂವರು ಹೋದ ಪ್ರಸಂಗಗಳು ಬಹಳ. ಹಗ್ಗ, ಗಂಟು ಹಾಕಿದ ಸೀರೆ ಅಥವಾ ಪಂಚೆ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಕೂಡ ತೇಲಲು ಆಸರೆಯಾಗುತ್ತದೆ. ಜೀವರಕ್ಷಕರನ್ನು ಕೂಗಿ, 112ಕ್ಕೆ ಫೋನ್ ಮಾಡಿ.

ನೀರಿನಿಂದ ಎತ್ತಿದ ಮೇಲೆ

ಮುಳುಗಿದವರನ್ನು ತಲೆಕೆಳಗಾಗಿ ಹಿಡಿಯುವುದು, ಹೆಗಲ ಮೇಲೆ ಹಾಕಿಕೊಂಡು ಗಿರಗಿರನೆ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ನಮ್ಮಲ್ಲಿ ರೂಢಿಯಲ್ಲಿದೆ. ಇದರಿಂದ ಪ್ರಯೋಜನವಿಲ್ಲ. ಹೊಟ್ಟೆಯ ನೀರು, ಆಹಾರ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ, ಅಮೂಲ್ಯವಾದ ನಿಮಿಷಗಳೂ ಹಾಳಾಗುತ್ತವೆ. ಮಾಡಬೇಕಾದದ್ದು ಇಷ್ಟು:

1. ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಭುಜ ತಟ್ಟಿ ಕೂಗಿ. ಪ್ರತಿಕ್ರಿಯೆ ಇಲ್ಲದಿದ್ದರೆ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

2. ಹಣೆಯನ್ನು ಹಿಂದಕ್ಕೆ ಒತ್ತಿ ಗದ್ದವನ್ನು ಮೇಲೆತ್ತಿ. ಉಸಿರಾಟವಿದೆಯೇ ಎಂದು 10 ಸೆಕೆಂಡು ಮೀರದಂತೆ ನೋಡಿ.

3. ಉಸಿರಾಟವಿಲ್ಲದಿದ್ದರೆ ಮೂಗು ಹಿಡಿದು, ಬಾಯಿಗೆ ಬಾಯಿಟ್ಟು, ಎದೆ ಏರುವಷ್ಟು ಗಾಳಿಯನ್ನು ಐದು ಬಾರಿ ಊದಿ. ಮುಳುಗಿದವರಿಗೆ ಮೊದಲು ಬೇಕಾದದ್ದು ಉಸಿರು.

4. ನಂತರ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದಿಟ್ಟು, ಸುಮಾರು 5 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ 30 ಬಾರಿ ಒತ್ತಿ. ಬಳಿಕ 2 ಬಾರಿ ಊದಿ. ಸಹಾಯ ಬರುವವರೆಗೆ ಅಥವಾ ಉಸಿರು ಮರಳುವವರೆಗೆ ಹೀಗೆಯೇ ಮುಂದುವರಿಸಿ. ಚಿಕ್ಕ ಮಕ್ಕಳಿಗೆ ಒಂದೇ ಕೈ ಸಾಕು.

5. ವಾಂತಿಯಾದರೆ ಪಕ್ಕಕ್ಕೆ ಹೊರಳಿಸಿ ಬಾಯಿ ಸ್ವಚ್ಛಗೊಳಿಸಿ. ಉಸಿರು ಬಂದ ಮೇಲೂ ಪಕ್ಕಕ್ಕೆ ಮಲಗಿಸಿ.

ಎದ್ದು ಕುಳಿತು ಮಾತಾಡಿದರೂ ಅವರನ್ನು ಆಸ್ಪತ್ರೆಗೆ ಕರೆದೊಯ್ಯಲೇಬೇಕು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ಗಂಟೆಗಳ ಬಳಿಕ ಉಸಿರಾಟ ಕಷ್ಟವಾಗಬಹುದು.

ತೊರಕೆ, ಜೆಲ್ಲಿ ಮೀನು, ಚಿಪ್ಪು

ಆಳವಿಲ್ಲದ ನೀರಿನ ಮರಳಿನಲ್ಲಿ ತೊರಕೆ ಮೀನು ಅಡಗಿರುತ್ತದೆ. ತುಳಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ, ನೋವು ವಿಪರೀತ. ಕಾಲೆತ್ತಿ ಹಾಕುವ ಬದಲು ಮರಳಿನಲ್ಲಿ ಕಾಲೆಳೆದುಕೊಂಡು ನಡೆದರೆ ಅದು ದೂರ ಸರಿಯುತ್ತದೆ. ಚುಚ್ಚಿದರೆ ಗಾಯವನ್ನು ತೊಳೆದು, ಚರ್ಮ ಸುಡದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಿ, ನೋವು ಇಳಿಯುತ್ತದೆ. ಮುಳ್ಳು ಆಳವಾಗಿ ಹೊಕ್ಕಿದ್ದರೆ ಕೀಳದೆ ವೈದ್ಯರಲ್ಲಿಗೆ ಹೋಗಿ. ಧನುರ್ವಾಯು ಚುಚ್ಚುಮದ್ದಿನ ಬಗ್ಗೆಯೂ ಕೇಳಿ.

ಜೆಲ್ಲಿ ಮೀನು ತಾಗಿದರೆ ಸಮುದ್ರದ ನೀರಿನಿಂದಲೇ ತೊಳೆಯಿರಿ. ಮರಳಿನಿಂದ ಉಜ್ಜುವುದು, ಮೂತ್ರ ಹಾಕುವುದು ತಪ್ಪು. ಅಂಟಿದ ಎಳೆಗಳನ್ನು ಬರಿಗೈಯಲ್ಲಿ ಮುಟ್ಟದೆ ತೆಗೆಯಿರಿ. ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ತಡಮಾಡಬೇಡಿ. ದಡದಲ್ಲಿ ಸತ್ತು ಬಿದ್ದ ಜೆಲ್ಲಿ ಮೀನನ್ನೂ ಮಕ್ಕಳು ಮುಟ್ಟಬಾರದು.

ಗುಡ್ಡ, ಕಾಡಿನ ಕಡೆಗೆ

ಹೊನ್ನಾವರದಿಂದ ದಕ್ಷಿಣಕ್ಕೆ ಸುಮಾರು 8 ಕಿ.ಮೀ. ದೂರದ ಅಪ್ಸರಕೊಂಡದಲ್ಲಿ ಸಣ್ಣ ಜಲಪಾತ, ಗುಹೆಗಳು, ಮೇಲೆ ಕಡಲು ಕಾಣುವ ಗುಡ್ಡ ಇವೆ. ಸೂರ್ಯಾಸ್ತಕ್ಕೆ ಒಂದು ಗಂಟೆ ಮೊದಲು ಹತ್ತಿ, ಕತ್ತಲಾಗುವ ಮುನ್ನ ಇಳಿಯುವುದು ಒಳ್ಳೆಯದು. ಪಾಚಿ ಕಟ್ಟಿದ ಕಲ್ಲಿನ ಮೇಲೆ ರಬ್ಬರ್ ಚಪ್ಪಲಿ ಜಾರುತ್ತದೆ. ಹಿಡಿತವಿರುವ ಪಾದರಕ್ಷೆ ಬೇಕು.

ಒಳನಾಡಿನ ಕಾಡಿಗೆ ಹೋಗುವವರು ಮಂಗನ ಕಾಯಿಲೆಯ ಬಗ್ಗೆ ತಿಳಿದಿರಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಹೊನ್ನಾವರ, ಸಿದ್ದಾಪುರ ತಾಲ್ಲೂಕುಗಳ ಕಾಡಂಚಿನಲ್ಲಿಯೂ ಕಾಣಿಸಿಕೊಂಡಿದೆ. ಉಣ್ಣಿಗಳ ಕಡಿತದಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ಹೆಚ್ಚು. ತುಂಬು ತೋಳಿನ ಅಂಗಿ, ಪ್ಯಾಂಟು ತೊಡಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತರಗೆಲೆಯ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಮರಳಿದ ಮೇಲೆ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆಗಳನ್ನೂ ಬಿಸಿನೀರಿನಲ್ಲಿ ಒಗೆಯಿರಿ.

ಕಾಯಿಲೆ ಇರುವವರಿಗೆ

ಸಕ್ಕರೆ ಕಾಯಿಲೆ ಇರುವವರಲ್ಲಿ ಅನೇಕರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಿರುತ್ತದೆ. ಬಿಸಿ ಮರಳು ಸುಟ್ಟದ್ದೂ ಚಿಪ್ಪು ಕೊರೆದದ್ದೂ ಅವರಿಗೆ ತಿಳಿಯುವುದಿಲ್ಲ. ಆದ್ದರಿಂದ ಬರಿಗಾಲಿನಲ್ಲಿ ನಡೆಯಬಾರದು; ರಾತ್ರಿ ಮಲಗುವ ಮುನ್ನ ಪಾದ ಪರೀಕ್ಷಿಸಿಕೊಳ್ಳಬೇಕು. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ನಡಿಗೆಗೆ ಹೋಗುವಾಗ ಜೇಬಿನಲ್ಲಿ ಸಕ್ಕರೆ ಇಟ್ಟುಕೊಳ್ಳಲಿ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇನ್ಸುಲಿನ್ ಬಿಟ್ಟರೆ ಅದು ಕೆಡುತ್ತದೆ.

ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಗೆಯ ರಕ್ತದೊತ್ತಡದ ಮಾತ್ರೆ ಸೇವಿಸುವವರು ಇಷ್ಟಬಂದಷ್ಟು ಎಳನೀರು ಕುಡಿಯಬಾರದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗಾಗಿ ನೀರು, ಉಪ್ಪು ಮಿತಿಗೊಳಿಸಿಕೊಂಡವರು, ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಲಿ.

ಊಟ, ತಿಂಡಿ

ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರದಲ್ಲಿ ತಂಗಿದ್ದ ಪ್ರವಾಸಿ ಇಬ್ನ್ ಬತೂತ, ತಿಂಗಳುಗಟ್ಟಲೆ ರೊಟ್ಟಿಯನ್ನೇ ಕಾಣದೆ ಅನ್ನ ಉಂಡದ್ದನ್ನು ಬರೆದಿಟ್ಟಿದ್ದಾನೆ. ಇಂದಿನ ಪ್ರವಾಸಿಗೆ ಆ ಕಷ್ಟವಿಲ್ಲ. ಆದರೂ ಸೆಕೆಯ ಊರಿನಲ್ಲಿ ಅನ್ನ, ತಂಬುಳಿ, ಅಪ್ಪೆಹುಳಿ, ಮಜ್ಜಿಗೆಯ ಊಟವೇ ಹೊಟ್ಟೆಗೆ ಹಿತ. ಮೀನು ತಿನ್ನುವವರು ತಾಜಾ ಮೀನನ್ನು ಚೆನ್ನಾಗಿ ಬೇಯಿಸಿದ ಮೇಲೆಯೇ ತಿನ್ನಲಿ. ಚಿಪ್ಪುಮೀನುಗಳು ನೀರಿನ ಕಶ್ಮಲವನ್ನು ತಮ್ಮೊಳಗೆ ಹಿಡಿದಿಟ್ಟುಕೊಳ್ಳುತ್ತವೆ, ಅರೆಬೆಂದದ್ದು ಬೇಡ. ಘಾಟಿಯ ತಿರುವುಗಳಲ್ಲಿ ವಾಂತಿಯಾಗುವವರು ಹೊಟ್ಟೆ ತುಂಬ ತಿನ್ನದೆ, ಮುಂದಿನ ಸೀಟಿನಲ್ಲಿ ಕುಳಿತು ದೂರದ ರಸ್ತೆ ನೋಡುತ್ತಿದ್ದರೆ ತೊಂದರೆ ಕಡಿಮೆ.

ಊರಿಗೆ ಮರಳಿದ ಮೇಲೆ

ಪ್ರವಾಸ ಮುಗಿಸಿ ಬಂದ ಎರಡು ಮೂರು ವಾರಗಳೊಳಗೆ ಮನೆಯಲ್ಲಿ ಯಾರಿಗಾದರೂ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ‘ಪ್ರಯಾಣದ ಆಯಾಸ’ ಎಂದು ಮಾತ್ರೆ ನುಂಗಿ ಸುಮ್ಮನಿರಬೇಡಿ. ಮಂಗನ ಕಾಯಿಲೆ, ಮಳೆಗಾಲದ ಕೆಸರು ನೀರಿನಿಂದ ಬರುವ ಇಲಿಜ್ವರ, ಡೆಂಗಿ, ಮಲೇರಿಯಾ ಇವೆಲ್ಲ ಹೀಗೆಯೇ ಆರಂಭವಾಗುತ್ತವೆ. ಬೆಂಗಳೂರಿನಲ್ಲೋ ಬಳ್ಳಾರಿಯಲ್ಲೋ ಕುಳಿತ ವೈದ್ಯರಿಗೆ ನೀವು ಕಾಡು, ಹೊಳೆ ತಿರುಗಿ ಬಂದದ್ದು ಗೊತ್ತಿರುವುದಿಲ್ಲ. ಎಲ್ಲಿಗೆ ಹೋಗಿದ್ದಿರಿ, ಯಾವ ದಿನ, ಉಣ್ಣಿ ಕಚ್ಚಿತ್ತೇ, ಕೆಸರಿನಲ್ಲಿ ನಡೆದಿದ್ದಿರೇ ಎಂಬುದನ್ನು ನೀವಾಗಿಯೇ ಹೇಳಿ. ಅಷ್ಟು ಹೇಳಿದರೆ ಯಾವ ಪರೀಕ್ಷೆ ಮೊದಲು ಮಾಡಿಸಬೇಕೆಂಬುದು ಅವರಿಗೆ ತಿಳಿಯುತ್ತದೆ, ಚಿಕಿತ್ಸೆಯೂ ತಡವಾಗುವುದಿಲ್ಲ.